ಶಾಲಾ ವೋಚರ್

ಶಾಲಾ ವೋಚರ್ ಎಂಬುದು ಮಗುವಿನ ಶಿಕ್ಷಣಕ್ಕಾಗಿ ಸರ್ಕಾರವು ಮೀಸಲಿಡುವ ಹಣವನ್ನು ಶಾಲೆಗೆ ನೇರವಾಗಿ ಕೊಡದೆ, ಪೋಷಕರು ಆರಿಸಿದ ಶಾಲೆಗೆ ಆ ಮಗುವಿನ ಹೆಸರಿನಲ್ಲಿ ಸಲ್ಲುವಂತೆ ಮಾಡುವ ವ್ಯವಸ್ಥೆಯಾಗಿದೆ. ಆರಿಸಿದ ಶಾಲೆಯು ಸಾಮಾನ್ಯವಾಗಿ ಖಾಸಗಿ ಶಾಲೆಯಾಗಿರುತ್ತದೆ. ಮಗು ಶಾಲೆ ಬದಲಿಸಿದರೆ ಹಣವೂ ಅದರೊಂದಿಗೆ ಹೋಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನ, ಚಿಲಿ, ಸ್ವೀಡನ್, ಕೊಲಂಬಿಯ ಮೊದಲಾದ ದೇಶಗಳಲ್ಲಿ ಇದು ಬೇರೆ ಬೇರೆ ರೂಪಗಳಲ್ಲಿ ಜಾರಿಗೆ ಬಂದಿದೆ. ಭಾರತದಲ್ಲಿ ಪೂರ್ಣ ಪ್ರಮಾಣದ ವೋಚರ್ ಪದ್ಧತಿ ಇಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿರುವ ಶೇ. 25ರ ಮೀಸಲಾತಿಯನ್ನು ಹಲವರು ಅದರ ಸಮೀಪದ ಬಂಧುವೆಂದು ಪರಿಗಣಿಸುತ್ತಾರೆ.

ಸಾರ್ವಜನಿಕ ಹಣದಿಂದ ಖಾಸಗಿ ಶಾಲೆಯ ಶುಲ್ಕ ಭರಿಸುವುದು ಸರಿಯೇ ಎಂಬುದು ಈ ವಿಷಯದ ಮೂಲ ಪ್ರಶ್ನೆ. ಬಡ ಕುಟುಂಬಕ್ಕೆ ಆಯ್ಕೆಯ ಸ್ವಾತಂತ್ರ್ಯ ದೊರೆಯುತ್ತದೆ ಎಂದು ಬೆಂಬಲಿಗರು ಹೇಳುತ್ತಾರೆ. ಎಲ್ಲರಿಗೂ ಸೇರಿದ ಸರ್ಕಾರಿ ಶಾಲೆ ಇದರಿಂದ ಬರಿದಾಗುತ್ತದೆ ಎಂಬುದು ವಿರೋಧಿಗಳ ವಾದ.

ಪರಿಕಲ್ಪನೆ ಮತ್ತು ಬಗೆಗಳು

ವೋಚರ್ ಎಂಬ ಒಂದೇ ಪದದಡಿಯಲ್ಲಿ ಹಲವು ಭಿನ್ನ ಯೋಜನೆಗಳು ಸೇರಿಕೊಂಡಿರುವುದರಿಂದ ಚರ್ಚೆಯಲ್ಲಿ ಗೊಂದಲ ಉಂಟಾಗುವುದು ಸಾಮಾನ್ಯ. ಕೆಲವು ಯೋಜನೆಗಳು ಬಡ ಮಕ್ಕಳಿಗೆ ಅಥವಾ ಅಂಗವಿಕಲ ಮಕ್ಕಳಿಗೆ ಮಾತ್ರ ಮೀಸಲಾಗಿರುತ್ತವೆ. ಇನ್ನು ಕೆಲವು ಆದಾಯವನ್ನು ಪರಿಗಣಿಸದೆ ಎಲ್ಲರಿಗೂ ದೊರೆಯುತ್ತವೆ. ಕೆಲವು ಕಡೆ ಶಾಲೆಯು ವೋಚರ್ ಮೊತ್ತದ ಮೇಲೆ ಹೆಚ್ಚುವರಿ ಶುಲ್ಕ ಪಡೆಯಬಹುದು, ಕೆಲವು ಕಡೆ ಪಡೆಯುವಂತಿಲ್ಲ. ಅರ್ಜಿಗಳು ಹೆಚ್ಚಾದಾಗ ಲಾಟರಿ ಎತ್ತಬೇಕೆಂಬ ನಿಯಮ ಒಂದು ಕಡೆ ಇದ್ದರೆ, ಪ್ರವೇಶ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸುವ ಅಧಿಕಾರವನ್ನು ಶಾಲೆಗೇ ಬಿಟ್ಟಿರುವುದು ಇನ್ನೊಂದು ಕಡೆ. ಮೇಲ್ನೋಟಕ್ಕೆ ಸಣ್ಣವೆನಿಸುವ ಈ ನಿಯಮಗಳೇ ಯೋಜನೆಯ ಫಲವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ.

ಅಮೆರಿಕದಲ್ಲಿ ಇತ್ತೀಚೆಗೆ ಹೆಚ್ಚು ಹರಡಿರುವ ಶಿಕ್ಷಣ ಉಳಿತಾಯ ಖಾತೆ ಎಂಬುದು ವೋಚರ್‌ನ ವಿಸ್ತೃತ ರೂಪ. ಇದರಲ್ಲಿ ಹಣವನ್ನು ಪೋಷಕರ ಹೆಸರಿನ ಖಾತೆಗೆ ಜಮಾ ಮಾಡಲಾಗುತ್ತದೆ. ಅದನ್ನು ಶಾಲಾ ಶುಲ್ಕಕ್ಕೆ ಮಾತ್ರವಲ್ಲದೆ ಮನೆಪಾಠ, ಪುಸ್ತಕ, ಆನ್‌ಲೈನ್ ತರಗತಿ ಮುಂತಾದವುಗಳಿಗೂ ಬಳಸಬಹುದು.

ಹಿನ್ನೆಲೆ

ಶಿಕ್ಷಣಕ್ಕೆ ಹಣ ಕೊಡುವುದು ಬೇರೆ, ಶಾಲೆಯನ್ನು ನಡೆಸುವುದು ಬೇರೆ ಎಂಬ ವಿಚಾರ ಹಳೆಯದು. ಥಾಮಸ್ ಪೇನ್ ಅವರು 18ನೆಯ ಶತಮಾನದ ಕೊನೆಯಲ್ಲಿ ಬಡ ಕುಟುಂಬಗಳ ಮಕ್ಕಳ ಓದಿಗಾಗಿ ಸರ್ಕಾರವು ವಾರ್ಷಿಕ ಭತ್ಯೆ ನೀಡಬೇಕೆಂದು ಸೂಚಿಸಿದ್ದರು. ಜಾನ್ ಸ್ಟುವರ್ಟ್ ಮಿಲ್ ಅವರು 1859ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಪ್ರತಿ ಮಗುವಿಗೂ ಶಿಕ್ಷಣ ದೊರೆಯಲೇಬೇಕೆಂದು ಸರ್ಕಾರ ಕಡ್ಡಾಯ ಮಾಡಲಿ, ಬಡವರ ಶುಲ್ಕಕ್ಕೆ ನೆರವಾಗಲಿ, ಆದರೆ ಶಾಲೆಯ ಆಯ್ಕೆಯನ್ನು ಪೋಷಕರಿಗೆ ಬಿಡಲಿ ಎಂದು ವಾದಿಸಿದರು. ಅಮೆರಿಕದ ವರ್ಮಾಂಟ್ ಮತ್ತು ಮೇಯ್ನ್ ರಾಜ್ಯಗಳಲ್ಲಿ ಸ್ವಂತ ಪ್ರೌಢಶಾಲೆ ಇಲ್ಲದ ಸಣ್ಣ ಊರುಗಳು ತಮ್ಮ ಮಕ್ಕಳ ಶುಲ್ಕವನ್ನು ಬೇರೆಡೆಯ ಶಾಲೆಗಳಿಗೆ ಪಾವತಿಸುವ ಪದ್ಧತಿ 19ನೆಯ ಶತಮಾನದಿಂದಲೂ ಇದೆ. ನೆದರ್ಲೆಂಡ್ಸ್ 1917ರಲ್ಲಿಯೇ ಧಾರ್ಮಿಕ ಶಾಲೆಗಳಿಗೂ ಸಾರ್ವಜನಿಕ ಶಾಲೆಗಳಿಗೂ ಸಮಾನ ಅನುದಾನವನ್ನು ಸಂವಿಧಾನದಲ್ಲಿ ಸೇರಿಸಿತು.

ಆಧುನಿಕ ಚರ್ಚೆಗೆ ಅಡಿಪಾಯ ಹಾಕಿದವರು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್. 1955ರಲ್ಲಿ ಶಿಕ್ಷಣದಲ್ಲಿ ಸರ್ಕಾರದ ಪಾತ್ರದ ಕುರಿತು ಬರೆದ ಪ್ರಬಂಧದಲ್ಲಿ ಅವರು ಈ ವಿಚಾರವನ್ನು ಮಂಡಿಸಿದರು; 1962ರಲ್ಲಿ ಬಂದ ಅವರ ಪುಸ್ತಕದ ಮೂಲಕ ಅದು ವ್ಯಾಪಕವಾಗಿ ಪ್ರಚಾರ ಪಡೆಯಿತು. ಶಿಕ್ಷಣದ ಪ್ರಯೋಜನ ಸಮಾಜಕ್ಕೆಲ್ಲ ಸಲ್ಲುವುದರಿಂದ ಅದರ ವೆಚ್ಚವನ್ನು ಸರ್ಕಾರ ಭರಿಸುವುದು ನ್ಯಾಯ, ಆದರೆ ಸರ್ಕಾರವೇ ಶಾಲೆಗಳನ್ನು ನಡೆಸಬೇಕೆಂಬುದು ಅದರಿಂದ ಸಿದ್ಧವಾಗುವುದಿಲ್ಲ ಎಂಬುದು ಅವರ ವಾದದ ತಿರುಳು.

ಅದೇ ಕಾಲದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ನಡೆದ ಘಟನೆಗಳು ಈ ವಿಚಾರದ ಮೇಲೆ ಬಹುಕಾಲ ಕರಿನೆರಳು ಚಾಚಿದವು. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪಿತ್ತಿತು. ಅದನ್ನು ತಪ್ಪಿಸಿಕೊಳ್ಳಲು ಕೆಲವು ರಾಜ್ಯಗಳು ಬಿಳಿಯ ಮಕ್ಕಳು ಖಾಸಗಿ ಶಾಲೆಗೆ ಸೇರಲು ಶುಲ್ಕ ಅನುದಾನ ನೀಡತೊಡಗಿದವು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯು 1959ರಲ್ಲಿ ತನ್ನ ಎಲ್ಲ ಸಾರ್ವಜನಿಕ ಶಾಲೆಗಳಿಗೂ ಬೀಗ ಹಾಕಿತು. ಬಿಳಿಯ ಮಕ್ಕಳು ಹೊಸದಾಗಿ ತೆರೆದ ಖಾಸಗಿ ಶಾಲೆಗೆ ಹೋದರು. ಕಪ್ಪು ಜನಾಂಗದ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಐದು ವರ್ಷ ಊರಿನಲ್ಲಿ ಕ್ರಮಬದ್ಧವಾದ ಶಾಲೆಯೇ ಇರಲಿಲ್ಲ. 1964ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದ ನಂತರವೇ ಶಾಲೆಗಳು ಮತ್ತೆ ತೆರೆದವು. ಫ್ರೀಡ್‌ಮನ್ ಅವರು 1955ರ ಪ್ರಬಂಧದ ಅಡಿಟಿಪ್ಪಣಿಯೊಂದರಲ್ಲಿ ಈ ಅಪಾಯವನ್ನು ಚರ್ಚಿಸಿ, ತಾವು ವರ್ಣಭೇದವನ್ನು ಒಪ್ಪುವುದಿಲ್ಲವೆಂದು ಹೇಳಿದ್ದರು. ಆದರೂ ಅಮೆರಿಕದ ಹಲವು ನಾಗರಿಕ ಹಕ್ಕು ಸಂಘಟನೆಗಳು ವೋಚರನ್ನು ಅನುಮಾನದಿಂದ ನೋಡುವುದಕ್ಕೆ ಈ ಇತಿಹಾಸವೇ ಮುಖ್ಯ ಕಾರಣ.

ಮಿಲ್ವಾಕಿ ಯೋಜನೆ

ಇಂತಹ ಹಿನ್ನೆಲೆಯಿದ್ದರೂ ಅಮೆರಿಕದ ಮೊದಲ ಆಧುನಿಕ ವೋಚರ್ ಯೋಜನೆಗೆ ಹೋರಾಡಿದವರು ಕಪ್ಪು ಜನಾಂಗದ ಒಬ್ಬ ಮಹಿಳಾ ಶಾಸಕಿ ಎಂಬುದು ಗಮನಾರ್ಹ. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರವನ್ನು ಪ್ರತಿನಿಧಿಸುತ್ತಿದ್ದ ಡೆಮಾಕ್ರಟಿಕ್ ಪಕ್ಷದ ಆನೆಟ್ ಪಾಲಿ ವಿಲಿಯಮ್ಸ್ ಅವರು ರಿಪಬ್ಲಿಕನ್ ಪಕ್ಷದ ರಾಜ್ಯಪಾಲ ಟಾಮಿ ಥಾಮ್ಸನ್ ಅವರೊಂದಿಗೆ ಕೈಜೋಡಿಸಿದರು. ನಗರದ ಸಾರ್ವಜನಿಕ ಶಾಲೆಗಳು ಬಡ ಕಪ್ಪು ಮಕ್ಕಳನ್ನು ಕೈಬಿಟ್ಟಿವೆ ಎಂಬುದು ಅವರ ದೂರಾಗಿತ್ತು.

1990ರಲ್ಲಿ ಆರಂಭವಾದ ಯೋಜನೆ ಬಹಳ ಚಿಕ್ಕದಾಗಿತ್ತು. ಬಡತನ ರೇಖೆಯ ಶೇ. 175ರೊಳಗಿನ ಆದಾಯದ ಕುಟುಂಬಗಳಿಗೆ ಮಾತ್ರ ಅವಕಾಶವಿತ್ತು; ನಗರದ ಒಟ್ಟು ವಿದ್ಯಾರ್ಥಿಗಳಲ್ಲಿ ಶೇ. 1ರಷ್ಟು ಮಾತ್ರ ಎಂಬ ಮಿತಿಯೂ ಇತ್ತು. ಮೊದಲ ವರ್ಷ ಏಳು ಶಾಲೆಗಳಲ್ಲಿ ಸುಮಾರು 340 ಮಕ್ಕಳು ಸೇರಿದರು. ಪ್ರತಿ ಮಗುವಿಗೆ ಸುಮಾರು 2,500 ಡಾಲರ್ ಸಲ್ಲುತ್ತಿತ್ತು. ಧಾರ್ಮಿಕ ಶಾಲೆಗಳು ಮೊದಲು ಇದರಲ್ಲಿರಲಿಲ್ಲ. 1995ರಲ್ಲಿ ಶಾಸನಸಭೆ ಅವುಗಳನ್ನೂ ಸೇರಿಸಿತು, 1998ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಯೋಜನೆ ವೇಗವಾಗಿ ಬೆಳೆಯಿತು.

ಫಲಿತಾಂಶದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿರಲಿಲ್ಲ. ಸರ್ಕಾರದ ಪರವಾಗಿ ಮೌಲ್ಯಮಾಪನ ಮಾಡಿದ ಜಾನ್ ವಿಟ್ ಅವರಿಗೆ ಕಲಿಕೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಅದೇ ಅಂಕಿಅಂಶಗಳಲ್ಲಿ ಜೇ ಗ್ರೀನ್ ಮತ್ತು ಪಾಲ್ ಪೀಟರ್ಸನ್ ಅವರಿಗೆ ಸ್ಪಷ್ಟ ಲಾಭ ಕಂಡಿತು. ಸೆಸಿಲಿಯಾ ರೌಸ್ ಅವರು 1998ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಗಣಿತದಲ್ಲಿ ಸ್ವಲ್ಪ ಪ್ರಗತಿ, ಓದಿನಲ್ಲಿ ಏನೂ ಇಲ್ಲ ಎಂಬ ನಡುವಣ ಉತ್ತರ ಬಂತು. ಒಂದೇ ಮಾಹಿತಿಯಿಂದ ಮೂರು ತೀರ್ಮಾನಗಳು ಹೊರಟಿದ್ದಕ್ಕೆ ಮುಖ್ಯ ಕಾರಣ, ವೋಚರ್ ಪಡೆದ ಮಕ್ಕಳನ್ನು ಯಾವ ಗುಂಪಿನೊಂದಿಗೆ ಹೋಲಿಸಬೇಕು ಎಂಬ ಪ್ರಶ್ನೆಗೆ ಮೂವರೂ ಬೇರೆ ಬೇರೆ ಉತ್ತರ ಕೊಟ್ಟದ್ದು.

ಶಾಲೆಗಳ ಅಳಿವು ಉಳಿವಿನ ಚಿತ್ರಣವೂ ಯೋಚಿಸಬೇಕಾದದ್ದು. 1991ರಿಂದ 2015ರವರೆಗೆ ಮಿಲ್ವಾಕಿಯ ಯೋಜನೆಯಲ್ಲಿ ಭಾಗವಹಿಸಿದ ಖಾಸಗಿ ಶಾಲೆಗಳಲ್ಲಿ ಐದರಲ್ಲಿ ಎರಡರಷ್ಟು ವಿಫಲವಾದವೆಂದು ಒಂದು ಅಧ್ಯಯನ ತೋರಿಸಿದೆ. ಕೆಟ್ಟ ಶಾಲೆ ಮುಚ್ಚುವುದೇ ಸ್ಪರ್ಧೆಯ ಉದ್ದೇಶ ಎಂದು ಬೆಂಬಲಿಗರು ಇದನ್ನು ಸಮರ್ಥಿಸುತ್ತಾರೆ. ಆದರೆ ಅಂಗಡಿ ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ವರ್ಷದ ನಡುವೆ ಶಾಲೆ ಮುಚ್ಚಿದರೆ ಮಗು ಕಳೆದುಕೊಂಡ ವರ್ಷ ಮರಳಿ ಬರುವುದಿಲ್ಲ.

ಪಾಲಿ ವಿಲಿಯಮ್ಸ್ ಅವರು ಮುಂದೆ ತಮ್ಮದೇ ಯೋಜನೆಯ ವಿಸ್ತರಣೆಯನ್ನು ವಿರೋಧಿಸಿದರು. ಆದಾಯ ಮಿತಿಯನ್ನು ಏರಿಸುತ್ತಾ ಹೋದಾಗ, ಇದು ಬಡವರಿಗಾಗಿ ಮಾಡಿದ್ದೇ ಹೊರತು ಉಳ್ಳವರಿಗಲ್ಲ ಎಂಬ ನಿಲುವು ತಳೆದರು. ಅವರು 2014ರಲ್ಲಿ ನಿಧನರಾದರು.

ನ್ಯಾಯಾಲಯಗಳು ಮತ್ತು ಜನಮತ

ಸಾರ್ವಜನಿಕ ಹಣ ಧಾರ್ಮಿಕ ಶಾಲೆಗೆ ಹೋಗಬಹುದೇ ಎಂಬ ಪ್ರಶ್ನೆ ಓಹಾಯೋ ರಾಜ್ಯದ ಕ್ಲೀವ್‌ಲೆಂಡ್ ಯೋಜನೆಯ ಮೂಲಕ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತಲುಪಿತು. ಅಲ್ಲಿ ವೋಚರ್ ಬಳಸಿದ ಮಕ್ಕಳಲ್ಲಿ ಶೇ. 96ರಷ್ಟು ಮಂದಿ ಧಾರ್ಮಿಕ ಶಾಲೆಗಳಲ್ಲಿದ್ದರು. ಹಣವನ್ನು ಅಲ್ಲಿಗೆ ಒಯ್ಯುವುದು ಸರ್ಕಾರವಲ್ಲ, ಪೋಷಕರ ಸ್ವತಂತ್ರ ಆಯ್ಕೆ ಎಂಬ ಕಾರಣ ನೀಡಿ ನ್ಯಾಯಾಲಯ 2002ರಲ್ಲಿ 5–4 ಬಹುಮತದಿಂದ ಯೋಜನೆಯನ್ನು ಎತ್ತಿಹಿಡಿಯಿತು. 2020ರ ಮಾಂಟಾನಾ ಪ್ರಕರಣ ಮತ್ತು 2022ರ ಮೇಯ್ನ್ ಪ್ರಕರಣಗಳಲ್ಲಿ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಖಾಸಗಿ ಶಾಲೆಗಳಿಗೆ ನೆರವು ನೀಡುವ ರಾಜ್ಯವು ಧಾರ್ಮಿಕ ಶಾಲೆಗಳನ್ನು ಮಾತ್ರ ಹೊರಗಿಡುವಂತಿಲ್ಲ ಎಂದಿತು.

ನ್ಯಾಯಾಲಯದ ಬಾಗಿಲು ತೆರೆದರೂ ಮತದಾರರು ಸುಲಭವಾಗಿ ಒಪ್ಪಿದವರಲ್ಲ. ಕ್ಯಾಲಿಫೋರ್ನಿಯಾದಲ್ಲಿ 1993 ಮತ್ತು 2000ರಲ್ಲಿ, ಯೂಟಾದಲ್ಲಿ 2007ರಲ್ಲಿ, ಅರಿಜೋನಾದಲ್ಲಿ 2018ರಲ್ಲಿ ಜನಮತಗಣನೆಗೆ ಬಂದ ಪ್ರಸ್ತಾವಗಳು ಸೋತವು. 2024ರ ನವೆಂಬರ್‌ನಲ್ಲಿ ಕೆಂಟಕಿ ಮತ್ತು ನೆಬ್ರಾಸ್ಕಾದ ಮತದಾರರೂ ವಿರೋಧವಾಗಿಯೇ ಮತ ಹಾಕಿದರು. ಶಾಸನಸಭೆಗಳ ದಾರಿ ಮಾತ್ರ ಬೇರೆ. ಅರಿಜೋನಾ 2022ರಲ್ಲಿ ಎಲ್ಲ ಮಕ್ಕಳಿಗೂ ಶಿಕ್ಷಣ ಉಳಿತಾಯ ಖಾತೆಯನ್ನು ತೆರೆಯಿತು. ಫ್ಲಾರಿಡಾ 2023ರಲ್ಲಿ ಆದಾಯ ಮಿತಿಯನ್ನು ತೆಗೆಯಿತು. ಟೆಕ್ಸಸ್ 2025ರಲ್ಲಿ ನೂರು ಕೋಟಿ ಡಾಲರ್‌ಗಳ ಯೋಜನೆಗೆ ಒಪ್ಪಿಗೆ ನೀಡಿತು. ಅರಿಜೋನಾದಲ್ಲಿ ಹೊಸ ಅವಕಾಶಕ್ಕೆ ಮೊದಲು ಅರ್ಜಿ ಹಾಕಿದವರಲ್ಲಿ ಬಹುಪಾಲು ಮಕ್ಕಳು ಅದಕ್ಕೂ ಮುಂಚೆ ಸಾರ್ವಜನಿಕ ಶಾಲೆಯಲ್ಲಿ ಇರಲೇ ಇಲ್ಲ. ಈಗಾಗಲೇ ಶುಲ್ಕ ಕಟ್ಟುತ್ತಿದ್ದವರಿಗೆ ಸರ್ಕಾರ ಹಣ ಮರಳಿಸುತ್ತಿದೆ ಎಂಬ ಟೀಕೆಗೆ ಇದು ಆಧಾರವಾಯಿತು.

ವಾದ ಮತ್ತು ಪ್ರತಿವಾದ

ಬೆಂಬಲಿಗರ ಅತ್ಯಂತ ಬಲವಾದ ವಾದ ಸಮಾನತೆಗೆ ಸಂಬಂಧಿಸಿದ್ದು. ಹಣವುಳ್ಳವರು ಶುಲ್ಕ ಕಟ್ಟಿಯೋ ಒಳ್ಳೆಯ ಶಾಲೆ ಇರುವ ಬಡಾವಣೆಗೆ ಮನೆ ಬದಲಿಸಿಯೋ ಶಾಲೆಯನ್ನು ಆರಿಸಿಕೊಳ್ಳುತ್ತಲೇ ಇದ್ದಾರೆ. ಆಯ್ಕೆ ಇಲ್ಲದಿರುವುದು ಬಡವರಿಗೆ ಮಾತ್ರ. ವೋಚರ್ ಆ ಅಂತರವನ್ನು ಕಡಿಮೆ ಮಾಡುತ್ತದೆ ಎಂಬುದು ಅವರ ನಿಲುವು. ವಿದ್ಯಾರ್ಥಿಗಳು ಬಿಟ್ಟುಹೋಗುವ ಭಯವಿದ್ದರೆ ಸರ್ಕಾರಿ ಶಾಲೆಗಳೂ ಎಚ್ಚೆತ್ತುಕೊಳ್ಳುತ್ತವೆ ಎಂಬುದು ಎರಡನೆಯ ವಾದ.

ವಿರೋಧಿಗಳು ಎತ್ತುವ ಆಕ್ಷೇಪಗಳಲ್ಲಿ ಲೆಕ್ಕಾಚಾರಕ್ಕೆ ಸಂಬಂಧಿಸಿದ್ದನ್ನು ಜನ ಹೆಚ್ಚಾಗಿ ಗಮನಿಸುವುದಿಲ್ಲ. ಮೂವತ್ತು ಮಕ್ಕಳ ತರಗತಿಯಿಂದ ಮೂವರು ಹೊರಟರೆ ಅವರ ಪಾಲಿನ ಹಣವೂ ಹೊರಡುತ್ತದೆ. ಆದರೆ ಶಿಕ್ಷಕರ ಸಂಬಳ, ಕಟ್ಟಡದ ದುರಸ್ತಿ, ವಿದ್ಯುತ್ ಬಿಲ್ಲು ಹತ್ತರಲ್ಲಿ ಒಂದು ಪಾಲು ಇಳಿಯುವುದಿಲ್ಲ. ಉಳಿದ ಇಪ್ಪತ್ತೇಳು ಮಕ್ಕಳ ಮೇಲೆ ಆ ಭಾರ ಬೀಳುತ್ತದೆ. ಎರಡನೆಯದಾಗಿ, ಆಯ್ಕೆ ಪೋಷಕರದ್ದೆಂದು ಹೇಳಿದರೂ ಅನೇಕ ಯೋಜನೆಗಳಲ್ಲಿ ಕೊನೆಯ ಆಯ್ಕೆ ಶಾಲೆಯದ್ದೇ ಆಗಿರುತ್ತದೆ. ಕಲಿಕೆಯಲ್ಲಿ ಹಿಂದುಳಿದ, ಅಂಗವೈಕಲ್ಯವುಳ್ಳ ಅಥವಾ ತುಂಟ ಮಕ್ಕಳನ್ನು ಖಾಸಗಿ ಶಾಲೆ ನಿರಾಕರಿಸಬಹುದು, ಸರ್ಕಾರಿ ಶಾಲೆ ನಿರಾಕರಿಸುವಂತಿಲ್ಲ. ಮೂರನೆಯದು ತಿಳಿವಳಿಕೆಯ ಪ್ರಶ್ನೆ: ಅರ್ಜಿ, ದಾಖಲೆ, ಕೊನೆಯ ದಿನಾಂಕ ಇವುಗಳನ್ನು ಹಿಂಬಾಲಿಸಬಲ್ಲ ಪೋಷಕರ ಮಕ್ಕಳಿಗೆ ಲಾಭ ಮೊದಲು ಸಿಗುತ್ತದೆ.

ಸಂಶೋಧನೆಗಳ ಫಲಿತಾಂಶ ಒಂದೇ ದಿಕ್ಕಿನಲ್ಲಿಲ್ಲ. ವಾಷಿಂಗ್ಟನ್ ನಗರದ ಯೋಜನೆಯಲ್ಲಿ ಪರೀಕ್ಷಾ ಅಂಕಗಳಲ್ಲಿ ಹೆಚ್ಚಿನ ಬದಲಾವಣೆ ಇಲ್ಲದಿದ್ದರೂ, ವೋಚರ್ ಪಡೆದವರಲ್ಲಿ ಪ್ರೌಢಶಾಲೆ ಮುಗಿಸಿದವರ ಪ್ರಮಾಣ ಶೇ. 70ರಿಂದ 82ಕ್ಕೆ ಏರಿದ್ದು 2010ರ ವರದಿಯಲ್ಲಿದೆ. ಲೂಯಿಸಿಯಾನಾದಲ್ಲಿ ಇದಕ್ಕೆ ತದ್ವಿರುದ್ಧ: ಲಾಟರಿಯಲ್ಲಿ ಗೆದ್ದು ಖಾಸಗಿ ಶಾಲೆ ಸೇರಿದ ಮಕ್ಕಳ ಗಣಿತದ ಅಂಕಗಳು ಮೊದಲ ವರ್ಷವೇ ಗಣನೀಯವಾಗಿ ಕುಸಿದವು.

ಚಿಲಿ, ಸ್ವೀಡನ್ ಮತ್ತು ಕೊಲಂಬಿಯ

ಇಡೀ ದೇಶಕ್ಕೆ ವೋಚರ್ ಪದ್ಧತಿಯನ್ನು ಅನ್ವಯಿಸಿದ ಪ್ರಮುಖ ಉದಾಹರಣೆ ಚಿಲಿ. ಪಿನೋಚೆಟ್ ಅವರ ಸೈನಿಕ ಆಡಳಿತವು 1981ರಲ್ಲಿ ಶಾಲೆಗಳನ್ನು ಪುರಸಭೆಗಳಿಗೆ ಒಪ್ಪಿಸಿ, ಮಕ್ಕಳ ಹಾಜರಾತಿಗೆ ಅನುಗುಣವಾಗಿ ಖಾಸಗಿ ಶಾಲೆಗಳಿಗೂ ಸಮಾನವಾಗಿ ಹಣ ನೀಡತೊಡಗಿತು. ಆಗ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಮಕ್ಕಳು ಸಾರ್ವಜನಿಕ ಶಾಲೆಗಳಲ್ಲಿದ್ದರು. ಮೂರು ದಶಕಗಳ ನಂತರ ಆ ಪ್ರಮಾಣ ಶೇ. 40ಕ್ಕಿಂತ ಕೆಳಗಿಳಿಯಿತು. 1990ರ ದಶಕದಲ್ಲಿ ಹೆಚ್ಚುವರಿ ಶುಲ್ಕಕ್ಕೂ ಅವಕಾಶ ದೊರೆತ ಮೇಲೆ ಶಾಲೆಗಳು ಪೋಷಕರ ಆದಾಯಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಣೆಗೊಂಡವು. ಚಾಂಗ್-ತಾಯ್ ಶೇ ಮತ್ತು ಮಿಗೆಲ್ ಉರ್ಕಿಯೋಲಾ ಅವರ 2006ರ ಅಧ್ಯಯನವು, ಒಟ್ಟಾರೆ ಕಲಿಕಾ ಮಟ್ಟ ಏರಿದ್ದಕ್ಕೆ ಪುರಾವೆ ಇಲ್ಲ, ವಿಂಗಡಣೆ ಮಾತ್ರ ಹೆಚ್ಚಿತು ಎಂದು ತೀರ್ಮಾನಿಸಿತು.

ಅದೇ ವರ್ಷ ಚಿಲಿಯ ಪ್ರೌಢಶಾಲಾ ವಿದ್ಯಾರ್ಥಿಗಳು ಬೀದಿಗಿಳಿದರು. ಅವರ ಕಪ್ಪು-ಬಿಳಿ ಸಮವಸ್ತ್ರದಿಂದಾಗಿ ಅದಕ್ಕೆ ಪೆಂಗ್ವಿನ್ ಕ್ರಾಂತಿ ಎಂಬ ಹೆಸರು ಬಂತು. 2008ರಲ್ಲಿ ಬಡ ಮಕ್ಕಳಿಗೆ ಹೆಚ್ಚಿನ ಮೊತ್ತದ ವೋಚರ್ ನೀಡುವ ಕಾನೂನು ಬಂದಿತು. 2011ರಲ್ಲಿ ಮತ್ತೆ ದೊಡ್ಡ ಚಳವಳಿ ನಡೆಯಿತು. 2015ರ ಕಾನೂನು ಸರ್ಕಾರಿ ಹಣ ಪಡೆಯುವ ಶಾಲೆಗಳಲ್ಲಿ ಲಾಭ ಗಳಿಕೆ, ಹೆಚ್ಚುವರಿ ಶುಲ್ಕ ಮತ್ತು ಮಕ್ಕಳನ್ನು ಆರಿಸುವ ಪದ್ಧತಿಗಳನ್ನು ಹಂತಹಂತವಾಗಿ ಕೊನೆಗಾಣಿಸಲು ಹೊರಟಿತು. ವೋಚರ್ ಉಳಿಯಿತು, ಅದರ ನಿಯಮಗಳು ತಲೆಕೆಳಗಾದವು.

ಸ್ವೀಡನ್ 1992ರಲ್ಲಿ ಖಾಸಗಿ ಶಾಲೆಗಳಿಗೆ ಸಾರ್ವಜನಿಕ ಹಣ ನೀಡತೊಡಗಿತು. ಅಲ್ಲಿ ಹೆಚ್ಚುವರಿ ಶುಲ್ಕ ಪಡೆಯುವಂತಿಲ್ಲ, ಆದರೆ ಲಾಭ ಗಳಿಸುವ ಕಂಪನಿಗಳೂ ಶಾಲೆ ನಡೆಸಬಹುದು. 2013ರಲ್ಲಿ ಅಂತಹ ಒಂದು ದೊಡ್ಡ ಕಂಪನಿ ದಿವಾಳಿಯಾದಾಗ ಸುಮಾರು 10,000 ವಿದ್ಯಾರ್ಥಿಗಳ ಭವಿಷ್ಯ ಅತಂತ್ರವಾಯಿತು.

ಕೊಲಂಬಿಯದ ಅನುಭವ ಬೆಂಬಲಿಗರಿಗೆ ಪ್ರಿಯವಾದದ್ದು. 1991ರಿಂದ 1997ರವರೆಗೆ ಬಡ ಬಡಾವಣೆಗಳ ಸುಮಾರು 1,25,000 ಮಕ್ಕಳಿಗೆ ಪ್ರೌಢಶಾಲಾ ವೋಚರ್ ನೀಡಲಾಯಿತು. ಅನೇಕ ಕಡೆ ಲಾಟರಿ ಎತ್ತಲಾಯಿತು. ಮೂರು ವರ್ಷಗಳ ನಂತರ ನೋಡಿದಾಗ, ಲಾಟರಿ ಗೆದ್ದವರು ಎಂಟನೆಯ ತರಗತಿ ಮುಗಿಸುವ ಸಾಧ್ಯತೆ ಸೋತವರಿಗಿಂತ ಶೇಕಡಾ ಹತ್ತು ಅಂಶ ಹೆಚ್ಚಿತ್ತು. ಅಲ್ಲಿ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸ್ಥಳದ ಕೊರತೆ ಇತ್ತೆಂಬುದನ್ನು ಮರೆಯಬಾರದು.

ಆಂಧ್ರಪ್ರದೇಶದ ಪ್ರಯೋಗ

ಭಾರತದಲ್ಲಿ ನಡೆದ ಪ್ರಯೋಗಗಳಲ್ಲಿ ಅತ್ಯಂತ ವ್ಯವಸ್ಥಿತವಾದದ್ದು ಅವಿಭಜಿತ ಆಂಧ್ರಪ್ರದೇಶದ ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ ನಡೆಯಿತು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರು ಇದರ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಇಲ್ಲಿ ಲಾಟರಿಯನ್ನು ಎರಡು ಬಾರಿ ಎತ್ತಲಾಯಿತು: ಯಾವ ಹಳ್ಳಿಗಳಲ್ಲಿ ವೋಚರ್ ಇರಬೇಕು ಎಂಬುದಕ್ಕೆ ಒಮ್ಮೆ, ಆ ಹಳ್ಳಿಗಳಲ್ಲಿ ಯಾವ ಮಕ್ಕಳಿಗೆ ದೊರೆಯಬೇಕು ಎಂಬುದಕ್ಕೆ ಇನ್ನೊಮ್ಮೆ. ಇದರಿಂದ ವೋಚರ್ ಪಡೆದವರ ಮೇಲಿನ ಪರಿಣಾಮವನ್ನಷ್ಟೇ ಅಲ್ಲದೆ, ಹಿಂದೆ ಉಳಿದ ಮಕ್ಕಳಿಗೆ ತೊಂದರೆಯಾಯಿತೇ ಎಂಬುದನ್ನೂ ಅಳೆಯಲು ಸಾಧ್ಯವಾಯಿತು. ಅಂತಹ ತೊಂದರೆ ಕಂಡುಬರಲಿಲ್ಲ.

ನಾಲ್ಕು ವರ್ಷಗಳ ಕೊನೆಯಲ್ಲಿ ತೆಲುಗು ಮತ್ತು ಗಣಿತದಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಯ ಮಕ್ಕಳು ಬಹಳ ಮುಂದಿದ್ದರು. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹಿಂದಿಯನ್ನು ಸಾಮಾನ್ಯವಾಗಿ ಕಲಿಸುತ್ತಿರಲಿಲ್ಲವೆಂಬುದು ಇದಕ್ಕೆ ಕಾರಣ. ಖಾಸಗಿ ಶಾಲೆಗಳು ತೆಲುಗು ಮತ್ತು ಗಣಿತಕ್ಕೆ ಕಡಿಮೆ ಸಮಯ ಕೊಟ್ಟೂ ಅದೇ ಮಟ್ಟವನ್ನು ತಲುಪಿದ್ದವು. ಅಲ್ಲಿ ಪ್ರತಿ ಮಗುವಿನ ವೆಚ್ಚ ಸರ್ಕಾರಿ ಶಾಲೆಯ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಈ ಅಧ್ಯಯನವನ್ನು ಎರಡೂ ಪಕ್ಷಗಳು ತಮಗೆ ಬೇಕಾದಂತೆ ಉಲ್ಲೇಖಿಸುತ್ತವೆ. ಖಾಸಗಿ ಶಾಲೆಗಳು ಶ್ರೇಷ್ಠವೆಂಬ ಜನಪ್ರಿಯ ನಂಬಿಕೆಯನ್ನು ಅದು ಅಲ್ಲಗಳೆಯುತ್ತದೆ ಎಂದು ಒಬ್ಬರು, ಅವು ಕಡಿಮೆ ಖರ್ಚಿನಲ್ಲಿ ಅಷ್ಟೇ ಕಲಿಸುತ್ತವೆ ಎಂದು ಇನ್ನೊಬ್ಬರು. ಆ ಕಡಿಮೆ ಖರ್ಚಿನ ಬಹುಭಾಗ ಶಿಕ್ಷಕರ ಅತ್ಯಲ್ಪ ಸಂಬಳದಿಂದ ಬಂದದ್ದು ಎಂಬ ಸಂಗತಿಗೆ ಇಬ್ಬರೂ ಸಾಕಷ್ಟು ಗಮನ ಕೊಡುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ಶೇ. 25ರ ಮೀಸಲಾತಿ

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಕಲಮಿನ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ತರಗತಿಯ ಕನಿಷ್ಠ ಶೇ. 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗ ಮತ್ತು ಅವಕಾಶವಂಚಿತ ಗುಂಪುಗಳ ಮಕ್ಕಳಿಗೆ ಕೊಟ್ಟು ಉಚಿತವಾಗಿ ಕಲಿಸಬೇಕು. ಸರ್ಕಾರವು ತನ್ನ ಶಾಲೆಗಳಲ್ಲಿ ಒಂದು ಮಗುವಿಗೆ ಮಾಡುವ ವೆಚ್ಚ ಅಥವಾ ಆ ಶಾಲೆಯ ನಿಜವಾದ ಶುಲ್ಕ, ಇವೆರಡರಲ್ಲಿ ಕಡಿಮೆ ಇರುವುದನ್ನು ಶಾಲೆಗೆ ಮರುಪಾವತಿ ಮಾಡುತ್ತದೆ.

ಇದು ವೋಚರ್‌ನಂತೆ ತೋರಿದರೂ ಅದಕ್ಕಿಂತ ಭಿನ್ನ. ವೋಚರ್ ಯೋಜನೆಯಲ್ಲಿ ಸೇರಬೇಕೇ ಬೇಡವೇ ಎಂಬುದು ಸಾಮಾನ್ಯವಾಗಿ ಶಾಲೆಯ ಇಚ್ಛೆ. ಇಲ್ಲಿ ಅದು ಕಡ್ಡಾಯ. ವೋಚರ್‌ನ ಗುರಿ ಸ್ಪರ್ಧೆ. ಇಲ್ಲಿನ ಘೋಷಿತ ಗುರಿ ಬಡವರ ಮತ್ತು ಉಳ್ಳವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವುದು. ಸರ್ವೋಚ್ಚ ನ್ಯಾಯಾಲಯವು 2012ರ ಏಪ್ರಿಲ್ 12ರಂದು 2–1 ಬಹುಮತದಿಂದ ಈ ಕಲಮನ್ನು ಎತ್ತಿಹಿಡಿಯಿತು. 2014ರಲ್ಲಿ ಸಂವಿಧಾನ ಪೀಠವು ಅಲ್ಪಸಂಖ್ಯಾತ ಶಾಲೆಗಳಿಗೆ ಕಾಯ್ದೆ ಅನ್ವಯಿಸದು ಎಂದಿತು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಖಾಸಗಿ ಆಡಳಿತದ ಶಾಲೆಗೆ ಸರ್ಕಾರದ ಹಣ ಹೋಗುವುದು ಹೊಸದಲ್ಲ. ಅನುದಾನಿತ ಶಾಲೆಗಳ ಪದ್ಧತಿ 1854ರ ವುಡ್ ವರದಿಯ ಕಾಲಕ್ಕೆ ಸೇರಿದ್ದು. ಆದರೆ ಅಲ್ಲಿ ಹಣ ಸಲ್ಲುವುದು ಮಂಜೂರಾದ ಶಿಕ್ಷಕ ಹುದ್ದೆಯ ವೇತನವಾಗಿ, ಮಗುವಿನ ಹೆಸರಿನಲ್ಲಿ ಅಲ್ಲ. ಮಗುವಿನ ಲೆಕ್ಕದಲ್ಲಿ ಖಾಸಗಿ ಶಾಲೆಗೆ ಹಣ ನೀಡುವ ಕ್ರಮ ರಾಜ್ಯದಲ್ಲಿ ವ್ಯಾಪಕವಾದದ್ದು 2012ರಲ್ಲಿ ಶಿಕ್ಷಣ ಹಕ್ಕು ನಿಯಮಗಳು ಬಂದ ಮೇಲೆ. ಆರಂಭದ ವರ್ಷಗಳಲ್ಲಿ ಒಂದನೆಯ ತರಗತಿಯ ಮಗುವಿಗೆ ಗರಿಷ್ಠ 11,848 ರೂಪಾಯಿ ಮರುಪಾವತಿ ನಿಗದಿಯಾಗಿತ್ತು.

ಇಲ್ಲಿ ಚರ್ಚೆ ಬೇಗನೆ ಭಾಷೆಯ ಕಡೆ ಹೊರಳಿತು. ಮೀಸಲು ಸೀಟುಗಳಿಗೆ ಬೇಡಿಕೆ ಬಂದದ್ದು ಮುಖ್ಯವಾಗಿ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಕಡ್ಡಾಯ ಮಾಧ್ಯಮವಾಗಿಸಿದ 1994ರ ಭಾಷಾ ನೀತಿಯನ್ನು 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿದ್ದರಿಂದ ಆ ದಾರಿಯೂ ಮುಚ್ಚಿತ್ತು. ಹತ್ತಿರದ ಕನ್ನಡ ಶಾಲೆಯಲ್ಲಿ ಮಕ್ಕಳಿಲ್ಲದೆ ಬೆಂಚುಗಳು ಖಾಲಿ ಬಿದ್ದಿರುವಾಗ, ಅಲ್ಲಿಂದಲೇ ಮಕ್ಕಳನ್ನು ಹೊರಗೆ ಕಳುಹಿಸಲು ಸರ್ಕಾರ ಹಣ ಕೊಡುತ್ತಿದೆ ಎಂದು ಕನ್ನಡಪರ ಸಂಘಟನೆಗಳು ಮತ್ತು ಹಲವು ಶಿಕ್ಷಣ ತಜ್ಞರು ಟೀಕಿಸಿದರು. ಪೋಷಕರ ಸಂಘಗಳ ಉತ್ತರವೂ ಅಷ್ಟೇ ನೇರವಾಗಿತ್ತು: ಅಧಿಕಾರಿಗಳ ಮತ್ತು ಶಾಸಕರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವಾಗ ಕನ್ನಡವನ್ನು ಉಳಿಸುವ ಹೊಣೆ ಕೂಲಿಕಾರನ ಮಗುವಿನ ಮೇಲೆ ಮಾತ್ರ ಏಕೆ?

2018ರ ಕೊನೆಯಲ್ಲಿ ರಾಜ್ಯ ಸರ್ಕಾರ ನಿಯಮಗಳಿಗೆ ತಿದ್ದುಪಡಿ ತಂದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆಯನ್ನು ಮೀಸಲು ಸೀಟುಗಳಿಗೆ ಗುರುತಿಸಬೇಕಿಲ್ಲ ಎಂಬುದು ಅದರ ಸಾರಾಂಶ. ಕರ್ನಾಟಕ ಉಚ್ಚ ನ್ಯಾಯಾಲಯ 2019ರ ಮೇ ತಿಂಗಳಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ರಾಜ್ಯದ ಬಹುತೇಕ ವಾರ್ಡು ಮತ್ತು ಹಳ್ಳಿಗಳಲ್ಲಿ ಸರ್ಕಾರಿ ಶಾಲೆ ಇರುವುದರಿಂದ, ಹಿಂದಿನ ವರ್ಷ ಒಂದೂವರೆ ಲಕ್ಷದಷ್ಟಿದ್ದ ಸೀಟುಗಳು 2019–20ರಲ್ಲಿ 20 ಸಾವಿರಕ್ಕಿಂತ ಕೆಳಗಿಳಿದವು. ಆಗಲೇ ಸೇರಿದ್ದ ಮಕ್ಕಳು ಎಂಟನೆಯ ತರಗತಿಯವರೆಗೆ ಅದೇ ಶಾಲೆಗಳಲ್ಲಿ ಮುಂದುವರಿದರು. ಅದಾದ ಮೇಲೆ ಶುಲ್ಕ ಕಟ್ಟುವುದೋ ಶಾಲೆ ಬದಲಿಸುವುದೋ ಎಂಬ ಪ್ರಶ್ನೆ ಆ ಕುಟುಂಬಗಳಿಗೆ ಎದುರಾಯಿತು, ಏಕೆಂದರೆ ಕಾಯ್ದೆಯ ರಕ್ಷಣೆ ಹದಿನಾಲ್ಕು ವರ್ಷಕ್ಕೆ ನಿಲ್ಲುತ್ತದೆ.

ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಇದೇ ಬಗೆಯ ತಿದ್ದುಪಡಿ ತಂದಾಗ ಮುಂಬಯಿ ಉಚ್ಚ ನ್ಯಾಯಾಲಯ ಅದೇ ವರ್ಷದ ಜುಲೈನಲ್ಲಿ ಅದನ್ನು ರದ್ದುಗೊಳಿಸಿತು. ಒಂದೇ ಕೇಂದ್ರ ಕಾಯ್ದೆಯ ಒಂದೇ ಕಲಮಿಗೆ ಎರಡು ನೆರೆ ರಾಜ್ಯಗಳ ಉಚ್ಚ ನ್ಯಾಯಾಲಯಗಳು ನೀಡಿದ ಅರ್ಥಗಳು ಹೀಗೆ ಬೇರೆಯಾದವು.